ಶುದ್ಧ ಸೈನ್ ತರಂಗಕ್ಕೆ ಯಾವ ಆಸಿಲೇಟರ್? ಕಾರವಾರದ ರಿಪೇರಿ ಮೇಜಿನಿಂದ ಒಂದು ಹೋಲಿಕೆ

ಅಂಕೋಲೆ ಕಡೆಯ ಧ್ವನಿವರ್ಧಕದವರೊಬ್ಬರು ಯಕ್ಷಗಾನದ ತಿರುಗಾಟ ಮುಗಿಸಿ, ಮಳೆ ಹಿಡಿದ ಮೊದಲ ವಾರದಲ್ಲಿ ಒಂದು ಆಂಪ್ಲಿಫೈಯರ್ ತಂದು ನನ್ನ ಮೇಜಿನ ಮೇಲಿಟ್ಟರು. “ಮಾಸ್ತರೇ, ಭಾಗವತರು ಏರುಪದ್ಯ ಎತ್ತಿದರೆ ಸಾಕು, ಧ್ವನಿ ಸೀಳುತ್ತದೆ. ಒಮ್ಮೆ ನೋಡಿಕೊಡಿ” ಎಂದರು. ನಾನು ಸಿಗ್ನಲ್ ಜನರೇಟರಿನಿಂದ 1 ಕಿಲೋಹರ್ಟ್ಸ್ ಕೊಟ್ಟು ಔಟ್‌ಪುಟ್ಟಿನ ಡಿಸ್ಟಾರ್ಷನ್ (ಅಲೆಯ ಆಕಾರ ಎಷ್ಟು ಕೆಟ್ಟಿದೆ ಎಂಬುದು) ಅಳೆದೆ. ಶೇ 1.5 ಬಂತು. ಡ್ರೈವರ್ ಟ್ರಾನ್ಸಿಸ್ಟರ್ ಬದಲಿಸಿದೆ, ಬಯಸ್ ಸರಿಪಡಿಸಿದೆ, ಎರಡು ದಿನ ಕಳೆದೆ. ಅಂಕಿ ಕದಲಲಿಲ್ಲ. ಮೂರನೆಯ ದಿನ ಆಂಪ್ಲಿಫೈಯರನ್ನು ಬದಿಗಿಟ್ಟು, ಜನರೇಟರಿನ ತಂತಿಯನ್ನೇ ನೇರವಾಗಿ ಅಳತೆಯ ಪೆಟ್ಟಿಗೆಗೆ ಸೇರಿಸಿದೆ. ಅಲ್ಲಿಯೂ ಅದೇ ಶೇ 1.5. ಆಂಪ್ಲಿಫೈಯರಿನ ನಿಜವಾದ ದೋಷ ಇದ್ದದ್ದು ಮೈಕಿನ ಪ್ರಿಆಂಪಿಗೆ ವಿದ್ಯುತ್ ಕೊಡುವ ಒಂದು ಒಣಗಿದ ಫಿಲ್ಟರ್ ಕೆಪಾಸಿಟರಿನಲ್ಲಿ.

ಕೊಳಗವೇ ಒಡೆದಿದ್ದರೆ ಅಕ್ಕಿಯ ಲೆಕ್ಕ ಸರಿಬರುವುದಿಲ್ಲ. ಅಂದಿನಿಂದ ಶುದ್ಧ ಸೈನ್ ತರಂಗಕ್ಕಾಗಿ, ಅಂದರೆ ಒಂದೇ ಆವರ್ತನದ ನುಣುಪಾದ ಅಲೆಗಾಗಿ, ಬಗೆಬಗೆಯ ಆಸಿಲೇಟರುಗಳನ್ನು (ತಾವಾಗಿ ಅಲೆ ಹುಟ್ಟಿಸುವ ಸರ್ಕಿಟ್ಟುಗಳನ್ನು) ಕಟ್ಟಿ ನೋಡಿದ್ದೇನೆ. ಶಿರಸಿಯಲ್ಲಿ ಡಿಪ್ಲೊಮಾ ಓದುತ್ತಿರುವ ಹುಡುಗನೊಬ್ಬ ಮೊನ್ನೆ ಬಂದು “ಸರ್, ಪ್ರಾಜೆಕ್ಟಿಗೆ ಯಾವುದನ್ನು ಕಟ್ಟಲಿ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ” ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಬಿಡಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಡಬೇಕಾದ್ದು ಐಸಿಯ ಬೆಲೆಯನ್ನಲ್ಲ, ಅಲೆಯ ಎತ್ತರವನ್ನು ಹಿಡಿದು ನಿಲ್ಲಿಸುವವರು ಯಾರು ಎಂಬುದನ್ನು. ಆಸಿಲೇಟರ್ ನಿಲ್ಲದೆ ನಡೆಯಬೇಕಾದರೆ ಸುತ್ತಿನ ಒಟ್ಟು ಗೇನ್ (ಅಲೆ ಎಷ್ಟು ಪಟ್ಟು ದೊಡ್ಡದಾಗುತ್ತದೆ ಎಂಬುದು) ಸರಿಯಾಗಿ 1 ಇರಬೇಕು. ಕೂದಲೆಳೆಯಷ್ಟು ಕಡಿಮೆಯಾದರೂ ಅಲೆ ಸಾಯುತ್ತದೆ. ಕೂದಲೆಳೆಯಷ್ಟು ಹೆಚ್ಚಾದರೂ ಬೆಳೆಯುತ್ತ ಹೋಗಿ ಸಪ್ಲೈ ವೋಲ್ಟೇಜಿಗೆ ತಲೆ ಹೊಡೆದುಕೊಂಡು ಚಪ್ಪಟೆಯಾಗುತ್ತದೆ. ಜೋಕಾಲಿಯಲ್ಲಿ ಮಗುವನ್ನು ತೂಗುವ ಅಜ್ಜಿ ಎತ್ತರ ನೋಡಿಕೊಂಡು ತಳ್ಳುವ ಬಲವನ್ನು ಹದಮಾಡುತ್ತಾಳೆ. ಬಲವನ್ನು ಹದಮಾಡದೆ, ಜೋಕಾಲಿ ಹೋಗಿ ಗೋಡೆಗೆ ಬಡಿದು ಹಿಂದಿರುಗಲಿ ಎಂದು ಬಿಟ್ಟರೆ ಎತ್ತರವೇನೋ ನಿಲ್ಲುತ್ತದೆ, ಆದರೆ ಪ್ರತಿ ಸುತ್ತಿಗೂ ಒಂದು ಜರ್ಕು. ಡಿಸ್ಟಾರ್ಷನ್ ಎಂದರೆ ಆ ಜರ್ಕು. ಕೆಳಗಿನ ಆಯ್ಕೆಗಳಲ್ಲಿ ಕೆಲವು ಗೋಡೆ, ಕೆಲವು ಅಜ್ಜಿ.

ವೀನ್ ಬ್ರಿಡ್ಜ್: ಒಂದೇ ಮನೆ, ನಾಲ್ಕು ಕಾವಲುಗಾರರು

ಎರಡು ಸಮಾನ ರೆಸಿಸ್ಟರ್, ಎರಡು ಸಮಾನ ಕೆಪಾಸಿಟರ್, ಒಂದು ಆಪ್-ಆಂಪ್ (ಅಲೆಯನ್ನು ದೊಡ್ಡದು ಮಾಡುವ ಐಸಿ), ಅದರ ಗೇನ್ 3. ಆರ್‌ಸಿ ಜಾಲ ಅಲೆಯನ್ನು ಮೂರನೆಯ ಒಂದಕ್ಕೆ ಇಳಿಸುವುದರಿಂದ ಸುತ್ತಿನ ಲೆಕ್ಕ 1ಕ್ಕೇ ಬರುತ್ತದೆ. 16 ಕಿಲೋ ಓಮ್ ಮತ್ತು 10 ನ್ಯಾನೊಫ್ಯಾರಡ್ ಹಾಕಿದರೆ ಸುಮಾರು 995 ಹರ್ಟ್ಸ್ ಬರುತ್ತದೆ. ಕಲಿಯುವವರಿಗೂ ವೃತ್ತಿಯವರಿಗೂ ಇದೇ ಮೊದಲ ಮೆಟ್ಟಿಲು. ಆದರೆ ಇದರ ಆರ್‌ಸಿ ಜಾಲಕ್ಕೆ ಸೋಸುವ ಶಕ್ತಿ ಬಹಳ ಕಡಿಮೆ. ಅಲೆ ಕೆಟ್ಟಾಗ ಮೂಲ ಆವರ್ತನದ ಎರಡು ಪಟ್ಟು, ಮೂರು ಪಟ್ಟಿನಲ್ಲಿ ಹುಟ್ಟುವ ಕಸಕ್ಕೆ ಎರಡನೆಯ, ಮೂರನೆಯ ಹಾರ್ಮೋನಿಕ್ ಎನ್ನುತ್ತಾರೆ. ಮೂಲ ಆವರ್ತನಕ್ಕೆ ಹೋಲಿಸಿದರೆ ಮೂರನೆಯ ಹಾರ್ಮೋನಿಕ್ ಅದರ ಮೂಲಕ ಹಾದಾಗ ನೂರರಲ್ಲಿ 75 ಭಾಗ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಇಲ್ಲಿ ಎತ್ತರ ಹಿಡಿಯುವವನು ಮಾಡಿದ ಗಾಯ ಬಹುಪಾಲು ಔಟ್‌ಪುಟ್ಟಿನಲ್ಲಿ ಕಾಣುತ್ತದೆ. ಕಾವಲುಗಾರನನ್ನು ಆರಿಸುವುದೇ ಇಲ್ಲಿ ಮುಖ್ಯ ಕೆಲಸ.

ಎದುರುಬದುರಾಗಿ ಜೋಡಿಸಿದ ಎರಡು ಡಯೋಡ್ ಎಲ್ಲಕ್ಕಿಂತ ಅಗ್ಗ. ಸ್ವಿಚ್ ಹಾಕಿದ ತಕ್ಷಣ ಅಲೆಯ ಎತ್ತರ ಸ್ಥಿರವಾಗುತ್ತದೆ, ಆವರ್ತನ ಬದಲಿಸಿದರೂ ಅಲ್ಲಾಡುವುದಿಲ್ಲ. ಆದರೆ ಇದು ಗೋಡೆ. ಅಲೆಯ ಎರಡೂ ತುದಿಗಳನ್ನು ಒಂದೇ ಬಗೆಯಲ್ಲಿ ಸವರುವುದರಿಂದ ಮೂರನೆಯ ಹಾರ್ಮೋನಿಕ್ ತಲೆಯೆತ್ತುತ್ತದೆ. ಸಾಮಾನ್ಯವಾಗಿ ಶೇ 1ರ ಆಸುಪಾಸು. ಡಯೋಡ್ ಇಲ್ಲದಾಗಿನ ಗೇನನ್ನು 3ಕ್ಕೆ ಬಹಳ ಹತ್ತಿರ ತಂದು, ಡಯೋಡಿನ ಜೊತೆ ಸರಣಿಯಲ್ಲಿ ರೆಸಿಸ್ಟರ್ ಇಟ್ಟು ಮೆದುಗೊಳಿಸಿದರೆ ಅದರ ಅರ್ಧಕ್ಕೂ ಕಡಿಮೆಗೆ ಇಳಿಸಬಹುದು. ಅಷ್ಟು ಬಿಗಿಯಾಗಿ ಹೊಂದಿಸಿದ ಸರ್ಕಿಟ್ ಮೇ ತಿಂಗಳ ಸೆಕೆಯಲ್ಲಿ ನಡೆದು, ಜುಲೈಯ ತಂಪಿನಲ್ಲಿ ಹೊರಡದೆ ಕೈಕೊಡಬಹುದು. ಡಯೋಡಿನ ವೋಲ್ಟೇಜು ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುವುದರಿಂದ ಅಲೆಯ ಎತ್ತರವೂ ಉಷ್ಣತೆಯ ಜೊತೆ ಸರಿಯುತ್ತದೆ. ಸ್ಪೀಕರಿನಲ್ಲಿ ಸದ್ದು ಬರುತ್ತದೆಯೇ ಎಂದು ನೋಡಲು, ಸ್ಟೇಜುಗಳ ಗೇನ್ ಅಳೆಯಲು ಇಷ್ಟು ಸಾಕು. ಡಿಸ್ಟಾರ್ಷನ್ ಅಳೆಯಲು ಸಾಲದು.

ಸಣ್ಣ ಫಿಲಮೆಂಟ್ ಬಲ್ಬು ನನಗೆ ಇಂದಿಗೂ ಅಚ್ಚುಮೆಚ್ಚು. 1939ರಲ್ಲಿ ವಿಲಿಯಂ ಹ್ಯೂಲೆಟ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ವೀನ್ ಬ್ರಿಡ್ಜಿಗೆ ಬಲ್ಬು ಸೇರಿಸಿದರು. ಅವರ ಕಂಪನಿಯ ಮೊದಲ ಉತ್ಪನ್ನ 200ಎ ಆಸಿಲೇಟರ್ ಹುಟ್ಟಿದ್ದು ಅದರಿಂದ. ಅಲೆ ಹೆಚ್ಚಾದರೆ ತಂತಿ ಬಿಸಿಯಾಗುತ್ತದೆ, ಅದರ ರೆಸಿಸ್ಟೆನ್ಸ್ ಏರುತ್ತದೆ, ಗೇನ್ ತಾನಾಗಿ ಇಳಿಯುತ್ತದೆ. ತಂತಿ ಬಿಸಿಯಾಗಿ ತಣಿಯಲು ಸಮಯ ಬೇಕು, ಹಾಗಾಗಿ ಒಂದೊಂದು ಅಲೆಯ ಒಳಗೆ ಅದು ಬರಿಯ ರೆಸಿಸ್ಟರಿನಂತೆ ಸುಮ್ಮನಿರುತ್ತದೆ. ಇದು ಜೋಕಾಲಿಯ ಅಜ್ಜಿ. 1 ಕಿಲೋಹರ್ಟ್ಸಿನಲ್ಲಿ, ಒಳ್ಳೆಯ ಆಪ್-ಆಂಪಿನೊಂದಿಗೆ, ಶೇ 0.05ರಿಂದ 0.01ರವರೆಗೆ ಇಳಿಯುವುದು ಕಷ್ಟವಲ್ಲ.

ಕಟ್ಟುವಾಗ ಹೀಗೆ ಮಾಡಿ. ಹಳೆಯ ಉಪಕರಣಗಳಿಂದ 24 ಅಥವಾ 28 ವೋಲ್ಟಿನ, 40 ಮಿಲಿಆಂಪಿಯರಿನ ಸೂಚಕ ದೀಪವೊಂದನ್ನು ಬಿಚ್ಚಿಕೊಳ್ಳಿ. ಟಾರ್ಚಿನ ಬಲ್ಬು ಬೇಡ, ಅದು ಕೇಳುವ ಕರೆಂಟನ್ನು ಆಪ್-ಆಂಪ್ ಕೊಡಲಾರದು. ಬಲ್ಬಿಗೆ 1ರಿಂದ 2 ವೋಲ್ಟ್ ಕೊಟ್ಟು, ಹರಿಯುವ ಕರೆಂಟ್ ಅಳೆದು, ರೆಸಿಸ್ಟೆನ್ಸ್ ಲೆಕ್ಕ ಹಾಕಿ. ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಸಿಗುವುದು ತಣ್ಣಗಿನ ಬೆಲೆ, ಅದನ್ನು ನಂಬಬೇಡಿ. ಫೀಡ್‌ಬ್ಯಾಕ್ ರೆಸಿಸ್ಟರ್ ಈ ಬಿಸಿ ಬೆಲೆಯ ಎರಡು ಪಟ್ಟಿರಲಿ. ಬಲ್ಬು ಇನ್‌ವರ್ಟಿಂಗ್ ಕಾಲಿನಿಂದ ಗ್ರೌಂಡಿಗೆ ಹೋಗಲಿ. ಬಲ್ಬಿನ ಮೇಲಿನ ವೋಲ್ಟೇಜಿನ ಮೂರು ಪಟ್ಟು ಔಟ್‌ಪುಟ್ಟಿನಲ್ಲಿ ಸಿಗುತ್ತದೆ. ಎಲ್ಲ ಸರಿಯಿದ್ದರೆ, ದೀಪವಾರಿಸಿದ ಕೋಣೆಯಲ್ಲಿ ಕಣ್ಣಿಟ್ಟು ನೋಡಿದರೂ ಫಿಲಮೆಂಟ್ ಕೆಂಪಾಗಿ ಕಾಣಬಾರದು.

ಬಲ್ಬಿಗೆ ಎರಡು ದೋಷಗಳಿವೆ. ಆವರ್ತನ ಬದಲಿಸಿದಾಗ ಅಲೆ ಒಂದೆರಡು ಕ್ಷಣ ಎದ್ದು ಬಿದ್ದು ಆಮೇಲೆ ಸ್ಥಿರವಾಗುತ್ತದೆ. ಇನ್ನು 20 ಹರ್ಟ್ಸಿನಂಥ ಕೆಳಗಿನ ಆವರ್ತನದಲ್ಲಿ ಒಂದೇ ಅಲೆಯೊಳಗೆ ತಂತಿ ಬಿಸಿಯಾಗಿ ತಣಿಯಲು ಪುರಸೊತ್ತು ಸಿಗುತ್ತದೆ. ಆ ಏರಿಳಿತ ಎರಡು ಪಟ್ಟು ಆವರ್ತನದಲ್ಲಿ ನಡೆದು, ಮೂಲ ಅಲೆಯೊಂದಿಗೆ ಬೆರೆತು ಮೂರನೆಯ ಹಾರ್ಮೋನಿಕ್ ಆಗಿ ಹೊರಬರುತ್ತದೆ. ಬಾಸ್ ಸ್ಪೀಕರುಗಳನ್ನೇ ಪರೀಕ್ಷಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೂರನೆಯ ಕಾವಲುಗಾರ ಜೆಫೆಟ್, ಗೇಟ್ ಎಂಬ ಕಾಲಿಗೆ ಕೊಟ್ಟ ವೋಲ್ಟೇಜಿನಿಂದ ನಡೆಯುವ ಒಂದು ಬಗೆಯ ಟ್ರಾನ್ಸಿಸ್ಟರ್. ಔಟ್‌ಪುಟ್ಟನ್ನು ರೆಕ್ಟಿಫೈ ಮಾಡಿ, ಕೆಪಾಸಿಟರಿನಲ್ಲಿ ಸಮಮಾಡಿ, ಆ ವೋಲ್ಟೇಜನ್ನು ಗೇಟಿಗೆ ಕೊಟ್ಟು ಜೆಫೆಟ್ಟನ್ನು ಹೊಂದಾಣಿಕೆಯ ರೆಸಿಸ್ಟರಿನಂತೆ ಬಳಸುವುದು. ಹೊಸ ಹುಡುಗರು ಹೆಚ್ಚಾಗಿ ಇದನ್ನೇ ಆರಿಸುತ್ತಾರೆ ಮತ್ತು ಹೆಚ್ಚಾಗಿ ಇಲ್ಲಿಯೇ ಸೋಲುತ್ತಾರೆ. ಡ್ರೈನಿನ ಮೇಲಿನ ವೋಲ್ಟೇಜು ಏರಿಳಿದಂತೆ ಚಾನೆಲಿನ ರೆಸಿಸ್ಟೆನ್ಸೂ ಬದಲಾಗುವುದರಿಂದ ಎರಡನೆಯ ಹಾರ್ಮೋನಿಕ್ ಹುಟ್ಟುತ್ತದೆ. ಮದ್ದು ಸುಲಭ: ಡ್ರೈನಿನಿಂದ ಗೇಟಿಗೆ ಒಂದು, ನಿಯಂತ್ರಣದ ವೋಲ್ಟೇಜಿನಿಂದ ಗೇಟಿಗೆ ಇನ್ನೊಂದು, ಹೀಗೆ ಎರಡು ಸಮಾನ ರೆಸಿಸ್ಟರುಗಳನ್ನು, ಒಂದೊಂದು 1 ಮೆಗಾ ಓಮ್, ಹಾಕಬೇಕು. ಡ್ರೈನಿನ ವೋಲ್ಟೇಜಿನ ಅರ್ಧ ಗೇಟಿಗೆ ತಲುಪಿದ ಕೂಡಲೇ ಎರಡನೆಯ ಹಾರ್ಮೋನಿಕ್ ಎದ್ದುಕಾಣುವಂತೆ ಕುಸಿಯುತ್ತದೆ. ಇದರ ಜೊತೆಗೆ ಡ್ರೈನಿನ ಮೇಲೆ 100 ಮಿಲಿವೋಲ್ಟಿಗಿಂತ ಕಡಿಮೆ ಇರುವಂತೆ, ಗೇನಿನ ಕೆಲವೇ ಶೇಕಡಾ ಭಾಗ ಮಾತ್ರ ಜೆಫೆಟ್ಟಿನ ಕೈಯಲ್ಲಿರುವಂತೆ ಜೋಡಿಸಿದರೆ ಬಲ್ಬಿಗೆ ಸರಿಗಟ್ಟುವ ಶುದ್ಧಿ ಸಿಗುತ್ತದೆ.

ಆದರೆ ನಮ್ಮ ಕರಾವಳಿಯಲ್ಲಿ ಆ 1 ಮೆಗಾ ಓಮಿನ ಗೇಟನ್ನು ಕಾಪಾಡುವುದೇ ಒಂದು ಕೆಲಸ. ಬೈತಖೋಲ ಬಂದರಿನ ಕಡೆಯಿಂದ ಬೀಸುವ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ, ಬೋರ್ಡಿನ ಮೇಲೆ ತೊಳೆಯದೆ ಬಿಟ್ಟ ಫ್ಲಕ್ಸ್, ಇವು ಮೂರೂ ಸೇರಿ ಗೇಟಿನ ಸುತ್ತ ಕಾಣದ ದಾರಿ ತೆರೆದು ವೋಲ್ಟೇಜನ್ನು ಸೋರಿಸುತ್ತವೆ. ಬೇಸಿಗೆಯಲ್ಲಿ ಕಟ್ಟಿಟ್ಟ ಸರ್ಕಿಟ್ಟಿನ ಅಲೆ ಆಷಾಢದಲ್ಲಿ ತಾನಾಗಿಯೇ ಎತ್ತರ ಬದಲಿಸುವುದನ್ನು ನಾನು ಕಂಡಿದ್ದೇನೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಬೋರ್ಡು ತಿಕ್ಕಿ ತೊಳೆದು, ಚೆನ್ನಾಗಿ ಒಣಗಿಸಿ, ತೆಳುವಾಗಿ ಲ್ಯಾಕರ್ ಬಳಿದ ಮೇಲೆ ಅದು ನಿಂತಿತು. ಘಟ್ಟದ ಮೇಲೆ ಉಪ್ಪಿಲ್ಲದಿದ್ದರೂ ತೇವಕ್ಕೆ ಕೊರತೆಯಿಲ್ಲ. ಶಿರಸಿಯವರೂ ಇದನ್ನು ತಪ್ಪಿಸಬಾರದು.

ನಾಲ್ಕನೆಯವನು ಎಲ್‌ಇಡಿ ಮತ್ತು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೆಸಿಸ್ಟರ್) ಜೋಡಿ. ಎರಡನ್ನೂ ಮುಖಾಮುಖಿಯಾಗಿಸಿ ಕಪ್ಪು ಹೀಟ್‌ಶ್ರಿಂಕ್ ಕೊಳವೆಯೊಳಗೆ ಬೆಳಕು ನುಸುಳದಂತೆ ಮುಚ್ಚಿದರೆ ಮನೆಯಲ್ಲೇ ತಯಾರಾಗುತ್ತದೆ. ಎಲ್‌ಡಿಆರ್ ಕಡಿಮೆ ವೋಲ್ಟೇಜಿನಲ್ಲಿ ನಿಜವಾದ ರೆಸಿಸ್ಟರಿನಂತೆಯೇ ನಡೆದುಕೊಳ್ಳುತ್ತದೆ, ಜೆಫೆಟ್ಟಿನ ಎರಡನೆಯ ಹಾರ್ಮೋನಿಕ್ಕಿನ ತಲೆನೋವು ಇಲ್ಲ. 1990ರಲ್ಲಿ ಜಿಮ್ ವಿಲಿಯಮ್ಸ್ ಎಂಬ ಅಮೆರಿಕದ ಎಂಜಿನಿಯರ್ ಇದೇ ವೀನ್ ಬ್ರಿಡ್ಜನ್ನು ಇಂಥ ಬೆಳಕಿನ ನಿಯಂತ್ರಣದಿಂದ ಶೇ 0.0003ಕ್ಕೆ ಇಳಿಸಿ ತೋರಿಸಿದರು. ಅವರು ಹಿಡಿದ ಇನ್ನೊಂದು ಎಳೆ ನಮಗೂ ಪಾಠ: ವೀನ್ ಬ್ರಿಡ್ಜಿನಲ್ಲಿ ಆಪ್-ಆಂಪಿನ ಎರಡು ಇನ್‌ಪುಟ್ ಕಾಲುಗಳೂ ಒಟ್ಟಿಗೆ ಏರಿಳಿಯುತ್ತವೆ, ಆ ಏರಿಳಿತವೇ ಆಪ್-ಆಂಪಿನೊಳಗೆ ಡಿಸ್ಟಾರ್ಷನ್ ಹುಟ್ಟಿಸುತ್ತದೆ. ಇನ್ನೊಂದು ಆಪ್-ಆಂಪಿನಿಂದ ಬ್ರಿಡ್ಜಿನ ನಡುವನ್ನು ಹಿಡಿದು ಎರಡೂ ಕಾಲುಗಳನ್ನು ಗ್ರೌಂಡಿನ ಮಟ್ಟದಲ್ಲೇ ನಿಲ್ಲಿಸಿದಾಗ ಅದು ಅಡಗುತ್ತದೆ. ರಿಪೇರಿ ಮೇಜಿಗೆ ಅಷ್ಟು ಬೇಡ. ಶೇ 0.01ರಲ್ಲಿ ನಿಂತು ಮುಂದೆ ಇಳಿಯದಿದ್ದರೆ ಮಾತ್ರ ಈ ದಾರಿ ನೋಡಿ.

ಗೋಡೆಯಿದ್ದರೂ ಸೋಸಿ ತೆಗೆಯುವ ದಾರಿ

ಪುಸ್ತಕಗಳಲ್ಲಿ ಮೊದಲು ಸಿಗುವ ಫೇಸ್ ಶಿಫ್ಟ್ ಆಸಿಲೇಟರಿನಲ್ಲಿ ಮೂರು ಹಂತದ ಆರ್‌ಸಿ ಜಾಲ, ಗೇನ್ 29. ಅದರಲ್ಲಿ ಕೆಪಾಸಿಟರ್ ಸರಣಿಯಲ್ಲಿದ್ದು ರೆಸಿಸ್ಟರ್ ಗ್ರೌಂಡಿಗೆ ಹೋಗುವ ಬಗೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಆ ಜಾಲ ಮೇಲಿನ ಆವರ್ತನಗಳನ್ನು ಮೂಲಕ್ಕಿಂತ ಸಲೀಸಾಗಿ ಬಿಡುತ್ತದೆ, ಎಂದರೆ ಕಸವನ್ನೇ ಹೆಚ್ಚಾಗಿ ಸುತ್ತಿಗೆ ಹಿಂದಿರುಗಿಸುತ್ತದೆ.

ತಿರುಗಿಸಿ ಕಟ್ಟಿ: ರೆಸಿಸ್ಟರ್ ಸರಣಿಯಲ್ಲಿ, ಕೆಪಾಸಿಟರ್ ಗ್ರೌಂಡಿಗೆ, ಪ್ರತಿ ಹಂತದ ನಡುವೆ ಒಂದು ಬಫರ್ (ಮುಂದಿನ ಹಂತದ ಭಾರ ಹಿಂದಿನದರ ಮೇಲೆ ಬೀಳದಂತೆ ತಡೆಯುವ ಆಪ್-ಆಂಪ್). ಈಗ ಗೇನ್ 8 ಸಾಕು. ಔಟ್‌ಪುಟ್ಟನ್ನು ಆಂಪ್ಲಿಫೈಯರಿನಿಂದ ತೆಗೆಯದೆ ಕೊನೆಯ ಹಂತದಿಂದ ತೆಗೆಯಿರಿ. ಅಲ್ಲಿಗೆ ತಲುಪುವಾಗ ಮೂರನೆಯ ಹಾರ್ಮೋನಿಕ್ ನೂರರಲ್ಲಿ ಐದು ಭಾಗವಷ್ಟೇ ಉಳಿದಿರುತ್ತದೆ. ನಾಲ್ಕು ಹಂತ ಮಾಡಿ, ಒಂದೊಂದರಿಂದ 45 ಡಿಗ್ರಿ ಪಡೆದು, ಗೇನ್ 4ರಲ್ಲಿ ನಡೆಸಿದರೆ ನಾಲ್ಕು ಭಾಗ. ಆಂಪ್ಲಿಫೈಯರಿನ ಬಳಿ ಡಯೋಡಿನಿಂದ ಸವರಿಸಿಕೊಂಡು ಶೇ 5ರಷ್ಟು ಕೆಟ್ಟ ಅಲೆಯೂ ಕೊನೆಯ ಹಂತದಲ್ಲಿ ಶೇ 0.2ಕ್ಕೆ ಬರುತ್ತದೆ. ಬಲ್ಬು ಹುಡುಕುವ, ಜೆಫೆಟ್ ಹೊಂದಿಸುವ ಕಷ್ಟವಿಲ್ಲ, ಹೊರಡುವುದೂ ಖಚಿತ. ಶಿರಸಿಯ ಹುಡುಗನಿಗೆ ನಾನು ಹೇಳಿದ್ದು ಇದನ್ನೇ. ಕೊನೆಯ ಹಂತದಿಂದ ತೆಗೆಯುವಾಗ ಅದಕ್ಕೆ ಭಾರ ಬೀಳದಂತೆ ಒಂದು ಬಫರ್ ಇರಲಿ. ಒಂದೇ ತೊಂದರೆಯೆಂದರೆ ಆವರ್ತನ ಬದಲಿಸಲು ನಾಲ್ಕು ರೆಸಿಸ್ಟರುಗಳನ್ನು ಒಟ್ಟಿಗೆ ತಿರುಗಿಸಬೇಕು. ಒಂದೇ ಸ್ಥಿರ ಆವರ್ತನ ಸಾಕೆನ್ನುವವರಿಗೆ ಇದು ತಕ್ಕ ಆಯ್ಕೆ.

ಸ್ಥಿರ ಆವರ್ತನವೇ ಸಾಕಾದರೆ ಇನ್ನೂ ಒಂದು ದಾರಿಯಿದೆ, ನನ್ನ ಮೇಜಿನ ಮೇಲೆ ಈಗ ನಿತ್ಯ ಓಡುತ್ತಿರುವುದು ಅದೇ. ಗೋಡೆ ಗಡಿಯಾರದ 32,768 ಹರ್ಟ್ಸಿನ ಸ್ಫಟಿಕವನ್ನು ಸಿಡಿ4060 ಐಸಿಗೆ ಕಟ್ಟಿ 32ರಿಂದ ಭಾಗಿಸಿದರೆ ಕದಲದ 1,024 ಹರ್ಟ್ಸಿನ ಚೌಕ ತರಂಗ ಸಿಗುತ್ತದೆ. ಚೌಕ ತರಂಗದಲ್ಲಿ ಸಮ ಹಾರ್ಮೋನಿಕ್‌ಗಳಿಲ್ಲ. ಮೂರನೆಯದು ಮೂಲದ ಮೂರನೆಯ ಒಂದು, ಐದನೆಯದು ಐದನೆಯ ಒಂದು. ಅದನ್ನು ಒಂದು ಆವರ್ತನದ ಸುತ್ತಲಿನದನ್ನಷ್ಟೇ ಬಿಡುವ, ಕ್ಯೂ (ಫಿಲ್ಟರಿನ ಚೂಪು) 10ರ ಎರಡು ಬ್ಯಾಂಡ್‌ಪಾಸ್ ಫಿಲ್ಟರುಗಳ ಮೂಲಕ ಒಂದಾದ ಮೇಲೊಂದರಂತೆ ಹಾಯಿಸಿದರೆ, ಮೂರನೆಯ ಹಾರ್ಮೋನಿಕ್ ಏಳುನೂರು ಪಟ್ಟು ತಗ್ಗಿ ಶೇ 0.05ಕ್ಕೆ ಬರುತ್ತದೆ, ಐದನೆಯದು ಶೇ 0.01ಕ್ಕಿಂತ ಕೆಳಗೆ. ಅಲೆಯ ಎತ್ತರ ಸಪ್ಲೈಗೆ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಇಲ್ಲಿ ಗೋಡೆಯೂ ಇಲ್ಲ, ಅಜ್ಜಿಯೂ ಇಲ್ಲ. ಹೊರಡುತ್ತದೋ ಇಲ್ಲವೋ ಎಂಬ ಆತಂಕವೂ ಇಲ್ಲ.

ಎರಡು ಇಂಟಿಗ್ರೇಟರುಗಳ ಸ್ಟೇಟ್ ವೇರಿಯಬಲ್ ಆಸಿಲೇಟರ್ ಅಳತೆಯ ದುಬಾರಿ ಉಪಕರಣಗಳಲ್ಲಿ ಇರುವಂಥದ್ದು. ಪ್ರತಿ ಇಂಟಿಗ್ರೇಟರೂ ಮೂರನೆಯ ಹಾರ್ಮೋನಿಕ್ಕನ್ನು ಮೂರು ಪಟ್ಟು ತಗ್ಗಿಸುತ್ತದೆ. ಅದರಲ್ಲಿ ಸೈನ್ ಮತ್ತು ಕೊಸೈನ್ ಎರಡೂ ಸಿಗುವುದರಿಂದ, ಎರಡರ ವರ್ಗಗಳನ್ನು ಕೂಡಿಸಿದರೆ ಅಲೆಯ ಎತ್ತರ ಏರಿಳಿತವಿಲ್ಲದೆ ಆ ಕ್ಷಣಕ್ಕೇ ತಿಳಿಯುತ್ತದೆ. ಸಮಮಾಡುವ ದೊಡ್ಡ ಕೆಪಾಸಿಟರಿಗಾಗಿ ಕಾಯಬೇಕಿಲ್ಲ. ಕಟ್ಟಲು ಸಹನೆ ಬೇಕು. ವೀನ್ ಬ್ರಿಡ್ಜ್ ಒಮ್ಮೆ ಕಟ್ಟಿ ಕೈ ಪಳಗಿದವರು ಮುಂದುವರಿಯಲಿ.

ತಯಾರು ಸಿಗುವವು

ಎಕ್ಸ್‌ಆರ್2206 ಕಿಟ್ಟು ತ್ರಿಕೋನ ತರಂಗವನ್ನು ತಿದ್ದಿ ಸೈನ್ ಮಾಡುತ್ತದೆ, ಚೆನ್ನಾಗಿ ಹೊಂದಿಸಿದರೆ ಶೇ 0.5. ನನ್ನ ಎರಡು ದಿನ ತಿಂದ ಜನರೇಟರೂ ಇದೇ ಬಗೆಯದು. ಎಡಿ9833 ಮಾಡ್ಯೂಲಿನ ಆವರ್ತನ ಕರಾರುವಾಕ್ಕು, ಆದರೆ ಒಳಗಿರುವುದು 10 ಬಿಟ್ಟಿನ ಡಿಎಸಿ (ಅಂಕಿಗಳನ್ನು ವೋಲ್ಟೇಜಾಗಿಸುವ ಭಾಗ). ಸೈದ್ಧಾಂತಿಕವಾಗಿಯೇ 62 ಡೆಸಿಬೆಲ್ಲಿಗೆ ಮಿತಿ. ಒಳ್ಳೆಯ ಯುಎಸ್‌ಬಿ ಸೌಂಡ್ ಕಾರ್ಡ್ ಇವೆರಡಕ್ಕಿಂತಲೂ ಶುದ್ಧ ಅಲೆ ಕೊಡುತ್ತದೆ, ಅದನ್ನು ಹಿಡಿದು ಕೆಲಸ ಮಾಡುವುದರಲ್ಲಿ ತಪ್ಪೇನಿಲ್ಲ. ಆದರೆ ಕಂಪ್ಯೂಟರಿನ ಗ್ರೌಂಡ್ ಮತ್ತು ಆಂಪ್ಲಿಫೈಯರಿನ ಗ್ರೌಂಡ್ ಸೇರಿದಾಗ ಬರುವ ಹಮ್ ಒಂದು ಕಾಟ, ಕೆಟ್ಟ ಆಂಪ್ಲಿಫೈಯರಿನ ಡಿಸಿ ಹಿಂದಿರುಗಿ ಕಾರ್ಡನ್ನು ಸುಡುವ ಭಯ ಇನ್ನೊಂದು. ನಡುವೆ ಕೆಪಾಸಿಟರೂ ರೆಸಿಸ್ಟರೂ ಇಲ್ಲದೆ ಎಂದೂ ಸೇರಿಸಬೇಡಿ.

ಹವ್ಯಾಸಿ ರೇಡಿಯೊದವರ ಕಾಲ್‌ಪಿಟ್ಸ್ ಆಸಿಲೇಟರ್ ಬೇರೆ ಜಾತಿ. ಅಲ್ಲಿ ಕಾಯಿಲ್ ಮತ್ತು ಕೆಪಾಸಿಟರಿನ ಟ್ಯಾಂಕೇ ಸೋಸುತ್ತದೆ. ಟ್ರಾನ್ಸಿಸ್ಟರನ್ನು ಹದವಾಗಿ ನಡೆಸಿ, ಟ್ಯಾಂಕಿನಿಂದ ಸಣ್ಣ ಕೆಪಾಸಿಟರಿನಲ್ಲಿ ಸ್ವಲ್ಪವೇ ತೆಗೆದು, ಬಫರಿನ ನಂತರ ಲೋ-ಪಾಸ್ ಫಿಲ್ಟರ್ ಹಾಕಿ. 7 ಮೆಗಾಹರ್ಟ್ಸಿನ ಎರಡನೆಯ ಮತ್ತು ಮೂರನೆಯ ಹಾರ್ಮೋನಿಕ್‌ಗಳು 14 ಮತ್ತು 21ರಲ್ಲಿ, ಇನ್ನೊಬ್ಬ ಹವ್ಯಾಸಿ ಕಿವಿಗೊಟ್ಟು ಕುಳಿತಿರುವ ಜಾಗದಲ್ಲೇ ಬೀಳುತ್ತವೆ.

ಯಾವುದನ್ನು ಆರಿಸಿದರೂ ತಪ್ಪಿಸಬಾರದವು

ಆಪ್-ಆಂಪ್: 741 ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ ಅರ್ಧ ವೋಲ್ಟ್ ಮಾತ್ರ ಏರಬಲ್ಲದು. 10 ವೋಲ್ಟ್ ಪೀಕಿನ ಸೈನ್ ಬೇಕೆಂದರೆ ಅದು 8 ಕಿಲೋಹರ್ಟ್ಸಿಗೇ ತ್ರಿಕೋನವಾಗತೊಡಗುತ್ತದೆ. ಎಲ್‌ಎಂ358ರ ಔಟ್‌ಪುಟ್ ಸೊನ್ನೆಯನ್ನು ದಾಟುವಾಗ ಮುಗ್ಗರಿಸುತ್ತದೆ. ಎನ್‌ಇ5532 ಹಾಕಿ, ಅಷ್ಟೇ ಹೊತ್ತಿನಲ್ಲಿ 9 ವೋಲ್ಟ್ ಏರುವ ವೇಗವೂ ಇದೆ, 600 ಓಮಿನ ಭಾರವನ್ನೂ ಹೊರುತ್ತದೆ, ಬಲ್ಬಿಗೆ ಅದೇ ಬೇಕು. ಔಟ್‌ಪುಟ್ ಸಪ್ಲೈಯ ಮೂರನೆಯ ಒಂದು ಭಾಗ ಮೀರದಿರಲಿ.

ಕೆಪಾಸಿಟರ್: ಆವರ್ತನ ನಿರ್ಧರಿಸುವ ಜಾಗದಲ್ಲಿ ಡಬ್ಬಿಯಲ್ಲಿ ಕೈಗೆ ಸಿಕ್ಕ ಸೆರಾಮಿಕ್ ಡಿಸ್ಕು ಹಾಕುವ ಚಾಳಿ ಬಿಡಿ. ಎಕ್ಸ್7ಆರ್ ಬಗೆಯ ಸೆರಾಮಿಕ್ಕಿನ ಬೆಲೆ ಅದರ ಮೇಲಿನ ವೋಲ್ಟೇಜಿನೊಂದಿಗೆ ಬದಲಾಗುತ್ತದೆ. ಪ್ರತಿ ಅಲೆಯ ಒಳಗೂ ಅದು ಹಿಗ್ಗಿ ಕುಗ್ಗುತ್ತದೆ. ಪಾಲಿಪ್ರೊಪಿಲೀನ್, ಪಾಲಿಸ್ಟೈರೀನ್ ಅಥವಾ ಎನ್‌ಪಿ0 ಸೆರಾಮಿಕ್ ತರಿಸಿಕೊಳ್ಳಿ. ಹುಬ್ಬಳ್ಳಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರಲು ಒಂದು ದಿನ ತಡವಾದರೂ ಕಾಯಿರಿ.

ವೀನ್ ಬ್ರಿಡ್ಜಿನಲ್ಲಿ ಆವರ್ತನ ಬದಲಿಸಲು ಜೋಡಿ ಪಾಟ್ ಬೇಡ. ಎರಡು ಭಾಗಗಳು ಸರಿಯಾಗಿ ಹೊಂದದಿದ್ದರೆ ಬೇಕಾದ ಗೇನ್ 3 ಇರುವುದಿಲ್ಲ, ಕಾವಲುಗಾರ ಹೆಚ್ಚು ದುಡಿಯಬೇಕಾಗುತ್ತದೆ, ಡಿಸ್ಟಾರ್ಷನ್ ಏರುತ್ತದೆ. ಉಪ್ಪುಗಾಳಿಗೆ ಪಾಟಿನ ಒಳಮೈ ಬೇಗ ಕೆಡುವುದು ಬೇರೆ. ರೋಟರಿ ಸ್ವಿಚ್ಚಿನಲ್ಲಿ ಅಳೆದು ಜೋಡಿ ಮಾಡಿದ ಮೆಟಲ್ ಫಿಲ್ಮ್ ರೆಸಿಸ್ಟರುಗಳನ್ನಿಡಿ.

ಟ್ರಾನ್ಸ್‌ಫಾರ್ಮರ್: ಗಾಳಿಮಳೆಯ ದಿನಗಳಲ್ಲಿ ಇಲ್ಲಿ ವೋಲ್ಟೇಜ್ 180ಕ್ಕೆ ಇಳಿಯುವುದುಂಟು. ಆಗ 12-0-12 ಟ್ರಾನ್ಸ್‌ಫಾರ್ಮರ್ ರೆಕ್ಟಿಫೈ ಆದ ಮೇಲೆ ಕೊಡುವುದು ಹನ್ನೆರಡೂವರೆ ವೋಲ್ಟಿನಷ್ಟು. 7812 ರೆಗ್ಯುಲೇಟರಿಗೆ ಅದು ಸಾಲದೆ 100 ಹರ್ಟ್ಸಿನ ಗುಂಯ್‌ಗುಡುವಿಕೆ ಅಲೆಯೊಳಗೆ ನುಗ್ಗುತ್ತದೆ, ಅಳತೆಯಲ್ಲಿ ಅದೂ ಡಿಸ್ಟಾರ್ಷನ್ ಎಂದೇ ಕಾಣುತ್ತದೆ. 15-0-15 ಹಾಕಿದರೆ ಹದಿನೈದರ ಮೇಲೆ ನಿಲ್ಲುತ್ತದೆ.

ಕಿವಿಯಿಂದ ಪತ್ತೆ

ಡಿಸ್ಟಾರ್ಷನ್ ಮೀಟರ್ ಇಲ್ಲದವರು ಟ್ವಿನ್-ಟಿ ನಾಚ್ (ಒಂದೇ ಆವರ್ತನವನ್ನು ತಡೆಯುವ ಜಾಲ) ಕಟ್ಟಿಕೊಳ್ಳಿ. 16 ಕಿಲೋ ಓಮಿನ ನಾಲ್ಕು ರೆಸಿಸ್ಟರ್, 10 ನ್ಯಾನೊಫ್ಯಾರಡಿನ ನಾಲ್ಕು ಕೆಪಾಸಿಟರ್ ಸಾಕು: ಎರಡೆರಡು ಒಂಟಿಯಾಗಿ ಸರಣಿಯಲ್ಲಿ, ಉಳಿದೆರಡನ್ನು ಸಮಾಂತರವಾಗಿ ಜೋಡಿಸಿ ನಡುವಿನ ಕಾಲುಗಳಿಗೆ. ಚಿಕ್ಕ ಟ್ರಿಮ್ಮರುಗಳಿಂದ ಹೊಂದಿಸಿದರೆ 995 ಹರ್ಟ್ಸಿನ ಮೂಲ ಅಲೆ ಅಡಗಿ, ಉಳಿದ ಕಸ ಮಾತ್ರ ಹೊರಬರುತ್ತದೆ. ಈ ಜಾಲ ಎರಡನೆಯ ಹಾರ್ಮೋನಿಕ್ಕನ್ನು ಶೇ 35ಕ್ಕೆ, ಮೂರನೆಯದನ್ನು ಶೇ 55ಕ್ಕೆ ತಗ್ಗಿಸಿ ತೋರಿಸುತ್ತದೆ, ಲೆಕ್ಕ ಹಾಕುವಾಗ ಅದನ್ನು ತಿದ್ದಿಕೊಳ್ಳಿ.

ಆ ಕಸವನ್ನು ಸಣ್ಣ ಆಂಪ್ಲಿಫೈಯರಿನ ಮೂಲಕ ಹೆಡ್‌ಫೋನಿನಲ್ಲಿ ಕೇಳಿ. ಮೂಲ ಸ್ವರವನ್ನು ಷಡ್ಜವೆಂದುಕೊಂಡರೆ ಎರಡನೆಯ ಹಾರ್ಮೋನಿಕ್ ತಾರ ಷಡ್ಜ, ಮೂರನೆಯದು ಅದರ ಮೇಲಿನ ಪಂಚಮ. ಶ್ರುತಿಪೆಟ್ಟಿಗೆಯ ಜೊತೆ ಬೆಳೆದ ನಮ್ಮ ಕಡೆಯ ಕಿವಿಗಳಿಗೆ ಇವೆರಡನ್ನು ಬೇರ್ಪಡಿಸುವುದು ಕಷ್ಟವಲ್ಲ. ಪಂಚಮ ಕೇಳಿದರೆ ಅಲೆಯ ಎರಡೂ ತುದಿಗಳು ಸಮನಾಗಿ ಸವೆಯುತ್ತಿವೆ: ಡಯೋಡ್ ಹೆಚ್ಚು ಕಚ್ಚುತ್ತಿದೆ, ಗೇನನ್ನು 3ರ ಹತ್ತಿರಕ್ಕೆ ತನ್ನಿ. ತಾರ ಷಡ್ಜ ಕೇಳಿದರೆ ಒಂದೇ ಬದಿ ಕೆಡುತ್ತಿದೆ: ಜೆಫೆಟ್ಟಿನ ಆ ಎರಡು 1 ಮೆಗಾ ಓಮ್‌ಗಳನ್ನು ಬಿಚ್ಚಿ ಅಳೆಯಿರಿ. ಶಿರಸಿಯ ಹುಡುಗ ಇದನ್ನು ಕೇಳುತ್ತ ಟ್ರಿಮ್ಮರ್ ತಿರುಗಿಸಿದಾಗ, ಪಂಚಮ ಮೆಲ್ಲಗೆ ಹಿಂದೆ ಸರಿದು, ಕೊನೆಗೆ ಹೆಡ್‌ಫೋನಿನಲ್ಲಿ ಬರಿಯ ಹಿಸ್ ಉಳಿಯಿತು. ಅವನು ಉಸಿರು ಬಿಗಿಹಿಡಿದು ಸ್ಕ್ರೂಡ್ರೈವರನ್ನು ಅಲ್ಲಿಯೇ ನಿಲ್ಲಿಸಿದ.